ತಲೆಗೆಷ್ಟು ಕಟ್ಟಿಗೆ

೧೯೮೪, ಜನವರಿ ೯, ಸೋಮವಾರ. ಬಾಗಲಕೋಟೆ

ಇಂದು ಬೆಳಿಗ್ಗೆ ಹತ್ತು ಗಂಟೆ ಹದಿನೈದು ನಿಮಿಷಕ್ಕೆ, ಮುಹೂರ್ತ ಯಾರೂ ನೋಡದಿದ್ದರೂ, ಮಲಕಪ್ಪನೆಂಬ ನಾನು ನಾಲ್ಕು ಊರಿನ ಒಲೆಗಳ ಮೇಲೆ ಸರ್ವಾಧಿಕಾರಿಯಾಗಿ ನೇಮಕಗೊಂಡೆನೆಂದು ಈ ವಹಿಯಲ್ಲಿ ದಾಖಲಿಸುತ್ತೇನೆ. ರಾಜಚಿಹ್ನೆಗಳು: ಒಂದು ಕೊಕ್ಕೆ ತಕ್ಕಡಿ, ಒಂದು ಹಗ್ಗ, ಇನ್ನೂರು ಛಾಪಿಸಿದ ಹಾಳೆ.

ರಾಜಕಾರ್ಯ ಇಷ್ಟೇ. ಒಂದು ಮನೆಗೆ ಹೋಗಿ ಕಟ್ಟಿಗೆ ತೂಗುವುದು. ಮರುದಿನ ಅದೇ ಹೊತ್ತಿಗೆ ಉಳಿದದ್ದನ್ನು ತೂಗುವುದು. ಉರಿದದ್ದೆಷ್ಟೋ ಅದನ್ನು ಉಂಡವರ ಲೆಕ್ಕದಿಂದ ಭಾಗಿಸುವುದು. ತಲೆಗೆ ಇಷ್ಟು ಕಟ್ಟಿಗೆ ಎಂದು ಬರೆಯುವುದು. ಇದಕ್ಕೆ ನಾನು ಬಿ.ಎಸ್ಸಿ. ಮಾಡಬೇಕಾಯಿತು.

ನನ್ನ ಮೇಲಿರುವ ಇಂಜಿನಿಯರು ಅಂದಾನಪ್ಪ ಸರ್. ಗದಗ ಕಡೆಯವರು. ನಗುವುದಕ್ಕೆ ಅವರಿಗೆ ಇನ್ನೂ ಮೇಲಿನಿಂದ ಮಂಜೂರಾತಿ ಬಂದಿಲ್ಲ.

"ರಾಜಸ್ಥಾನದಾಗ ಒಬ್ಬ ಮನಿಷಾ ಉಣ್ಣಾಕ ಎಷ್ಟು ಕಟಿಗಿ ಸುಡತಾನ, ಬಂಗಾಲದಾಗ ಎಷ್ಟು, ನಮ್ಮ ವಿಜಾಪುರ ಜಿಲ್ಲಾದಾಗ ಎಷ್ಟು, ಈ ದೇಶಕ್ಕ ಇನ್ನೂ ಗೊತ್ತಿಲ್ಲ. ಹದಿನಾಲ್ಕು ಜಿಲ್ಲಾದಾಗ ತೂಗಾಕತ್ತಾರ. ಇಲ್ಲಿ ನೀ ತೂಗಬೇಕು" ಎಂದರು.

"ದೇಶಕ್ಕೆಲ್ಲಾ ನಾ ಒಬ್ಬನ ಏನ್ರಿ ಸರ್?"

ನಗಲಿಲ್ಲ. "ಮೂರು ತಿಂಗಳು. ಚಂದಂಗ ಮಾಡಿದ್ರ ಕಾಯಂ ಆಗಾಕ ಹೆಸರು ಕಳಸ್ತೇನಿ."

ಮನೆಗೆ ಬಂದು ಹೇಳಿದರೆ ಅವ್ವ, "ಒಲಿ ಹಚ್ಚಾಕ ಬರದಾಂವಗ ಒಲಿ ನೋಡೂ ಕೆಲಸ" ಎಂದಳು. ಆಕೆಯ ಹೆಸರು ಶಾರವ್ವ. ಇತಿಹಾಸಕಾರರು ಗಮನಿಸಬೇಕು.

ಜನವರಿ ೧೨, ಗುರುವಾರ. ಬಾಗಲಕೋಟೆ

ಹನ್ನೆರಡು ಮನೆ ಮುಗಿದವು. ವ್ಯಾಪಾರಸ್ಥರ ಮನೆಗಳಲ್ಲಿ ಚಿಮಣಿ ಎಣ್ಣೆ ಸ್ಟೋ ಕೂಡ ಇದೆ. ಅದರ ಎಣ್ಣೆಯನ್ನೂ ಅಳೆದು ಬರೆಯಬೇಕು. ಒಬ್ಬ ಯಜಮಾನರಿಗೆ, "ಈ ತಕ್ಕಡಿ ಸುಳ್ಳು ಹೇಳಿದ್ರ ಕುಣಿತೈತ್ರಿ, ಜರ್ಮನಿ ಮಾಲು" ಎಂದೆ. ಪಾಪ, ಉಣ್ಣುವವರು ಎಷ್ಟು ಎಂದು ಕೇಳಿದಾಗ ತಕ್ಕಡಿಯನ್ನೇ ನೋಡುತ್ತ ಉತ್ತರ ಕೊಟ್ಟರು. ಕೊನೆಗೆ ಹಿತ್ತಲಿನಲ್ಲಿ ಬೇರೆ ಅಡಿಗೆ ಮಾಡಿಕೊಳ್ಳುವ ತಮ್ಮನ ಜಗಳವನ್ನೂ ಹೇಳಿಬಿಟ್ಟರು.

ಒಲೆಗಳಿಗೆ ಬಿರುದು ಕೊಡುತ್ತಿದ್ದೇನೆ. ಇಂದು ಪ್ರದಾನ ಮಾಡಿದವು: ಧೂಮಕೇತು. ಅರೆಬೆಂದವನ ಗುರು. ಕಾಷ್ಠಭಕ್ಷಕ ಸಾರ್ವಭೌಮ.

ಸರಾಸರಿ: ತಲೆಗೆ ಒಂದು ಕಿಲೋ ನೂರು ಗ್ರಾಂ.

ಜನವರಿ ೨೦, ಶುಕ್ರವಾರ. ಬಾದಾಮಿ

ಗುಡ್ಡದ ಮಗ್ಗುಲಲ್ಲಿರುವ ಊರು. ಗುಡ್ಡದಿಂದ ಹೆಣ್ಣುಮಕ್ಕಳು ತಲೆಯ ಮೇಲೆ ಹೊರೆ ಹೊತ್ತು ಇಳಿಯುತ್ತಾರೆ. ಕೆಂಪು ಬಂಡೆಯ ಕೆಳಗೆ ಹೊರೆಗಳೇ ನಡೆದು ಬರುತ್ತಿರುವಂತೆ ಕಾಣುತ್ತದೆ. ಒಂದು ಹೊರೆ ತೂಗಿದೆ: ಇಪ್ಪತ್ತಾರು ಕಿಲೋ. ಹೊತ್ತವಳು ರಂಗವ್ವ, ನನ್ನ ಭುಜಕ್ಕೆ ಬರುತ್ತಾಳೆ.

"ನೀನೂ ಒಂದ ಸಲ ಹೊತ್ತ ನೋಡೋ ಸಾಹೇಬಾ" ಎಂದಳು. ಹೊತ್ತೆ. ಹತ್ತು ಹೆಜ್ಜೆ. ಮುಂದಿನದನ್ನು ಬರೆಯುವುದು ಈ ಪದವಿಯ ಘನತೆಗೆ ತಕ್ಕದ್ದಲ್ಲ.

ಕಟ್ಟಿಗೆ ಹತ್ತಿರ ಸಿಗುವುದರಿಂದ ಇಲ್ಲಿ ಕೈ ಸಡಿಲು. ತಲೆಗೆ ಒಂದು ಕಿಲೋ ನಾನೂರು.

ಜನವರಿ ೨೭, ಶುಕ್ರವಾರ. ಹುನಗುಂದ

ಎರೆಭೂಮಿ. ಕಣ್ಣು ಹಾಯುವವರೆಗೂ ಒಂದು ಮರ ಇಲ್ಲ. ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ, ಕುಳ್ಳು. ತೊಗರಿ ಕಟ್ಟಿಗೆಯನ್ನು ಎಣಿಸಿ ಎಣಿಸಿ ಒಲೆಗೆ ಇಡುತ್ತಾರೆ. ತಲೆಗೆ ಒಂದು ಕಿಲೋಕ್ಕೂ ಕಡಿಮೆ.

ಅಮಸಿದ್ದಪ್ಪ ಎಂಬ ಮುದುಕ ಕೇಳಿದ: "ತೂಗಿ ಏನ ಮಾಡ್ತೀರಿ?" "ದಿಲ್ಲಿಗೆ ಕಳಸ್ತೇವ್ರಿ." "ಕಟಿಗಿನಾ?" "ಇಲ್ರಿ, ಲೆಕ್ಕ." "ಹಂಗಾರ ಛಲೋ. ಕಟಿಗಿ ಇಲ್ಲೇ ಇರಲಿ."

ಜನವರಿ ೩೧, ಮಂಗಳವಾರ. ಇಳಕಲ್ಲ

ನೇಕಾರರ ಓಣಿಯಲ್ಲಿ ಒಂಬತ್ತು ಮನೆ. ಎಲ್ಲ ಮನೆಯಿಂದಲೂ ಮಗ್ಗದ ಲಟಪಟ. ಒಂಬತ್ತೂ ಮನೆಯ ಕಟ್ಟಿಗೆ ತೂಗಿ, ಉಣ್ಣುವವರ ಲೆಕ್ಕ ಬರೆದುಕೊಂಡೆ.

ಓಣಿಯ ತುದಿಯ ಮನೆ ಗುರುಸಿದ್ದವ್ವನದು. ವಯಸ್ಸು ಅರವತ್ತರ ಮೇಲೆ. ಮನೆಯಲ್ಲಿ ಆಕೆ ಮತ್ತು ತೊಂಬತ್ತು ದಾಟಿದ ಅತ್ತೆ. ಇಬ್ಬರೇ. ಆದರೆ ಒಲೆ? ಮೂರು ಬಾಯಿ, ಎತ್ತಿನ ಬೆನ್ನಿನಷ್ಟು ಉದ್ದ.

"ಇಬ್ಬರಿಗೆ ಇಷ್ಟ ದೊಡ್ಡ ಒಲಿ ಯಾಕಬೇ ಆಯಿ?"

"ಹಳೀದು ಐತಿ ತಮ್ಮಾ. ಇರಲಿ ಅಂತ ಬಿಟ್ಟೇನಿ."

ಪಕ್ಕದ ಮನೆಯ ಚಂದವ್ವ ತನ್ನ ಬಾಗಿಲಲ್ಲಿ ನಿಂತು, ನಾನು ಕೇಳುವ ಮೊದಲೇ, "ನಮ್ಮ ಒಲಿ ದಿನಾ ಹತ್ತತೈತ್ರಿ. ಎರಡೂ ಹೊತ್ತು" ಎಂದಳು. ಉಳಿದ ಮನೆಗಳಲ್ಲೂ ಇದೇ ಮಾತು. ನಾನೇನು ಹತ್ತುವುದಿಲ್ಲ ಎಂದೆನೇ?

ಫೆಬ್ರವರಿ ೧, ಬುಧವಾರ. ಇಳಕಲ್ಲ

ಮಹದಾಶ್ಚರ್ಯ. ಎಂಟು ಮನೆಗಳಲ್ಲಿ ಕಟ್ಟಿಗೆ ನಿನ್ನೆ ಇದ್ದಷ್ಟೇ ಇದೆ. ಒಂದು ಕಡ್ಡಿ ಇಳಿದಿಲ್ಲ. ಗುರುಸಿದ್ದವ್ವನ ಮನೆಯಲ್ಲಿ ಮಾತ್ರ ಹದಿನಾಲ್ಕು ಕಿಲೋ ನೂರು ಗ್ರಾಂ ಖಲಾಸ್.

ತಕ್ಕಡಿ ಕೆಟ್ಟಿರಬೇಕು. ಇಲ್ಲವೇ ನಿನ್ನೆ ನಾನೇ ತಪ್ಪು ಓದಿರಬೇಕು. ಮತ್ತೆ ತೂಗಬೇಕೆಂದರೆ ಇನ್ನೆರಡು ದಿನ. ಬಾಗಲಕೋಟೆಯಲ್ಲಿ ಗೆಳೆಯರೆಲ್ಲ ಸಿನಿಮಾಕ್ಕೆ ಹೊರಟಿದ್ದಾರೆ. ಆದ್ದರಿಂದ ಚಹಾದಂಗಡಿಯ ಬಾಂಕಿನ ಮೇಲೆ ಕುಳಿತು, ಕಣ್ಣು ಮುಚ್ಚಿ, ಅಗ್ನಿದೇವನನ್ನು ಧ್ಯಾನಿಸಿ, ಎಂಟು ಮನೆಗಳಿಗೂ ತಲೆಗೆ ಒಂಬೈನೂರು ಗ್ರಾಂನ ಆಸುಪಾಸು ದಯಪಾಲಿಸಿದೆ. ಒಂದಕ್ಕೊಂದು ಸಮ ಬರದಂತೆ ಮೇಲೆ ಕೆಳಗೆ ಮಾಡಿದೆ. ಕಲೆಯೂ ಬೇಕಲ್ಲ.

ಗುರುಸಿದ್ದವ್ವನದನ್ನು ಮಾತ್ರ ಹಾಗೇ ಬರೆದೆ: ಇಬ್ಬರಿಗೆ ಹದಿನಾಲ್ಕು ಕಿಲೋ ನೂರು. ತಲೆಗೆ ಏಳು ಕಿಲೋ ಐವತ್ತು! ಬಿರುದು: ಖಾಂಡವವನದಹನ ಚಕ್ರವರ್ತಿನಿ.

ಫೆಬ್ರವರಿ ೪, ಶನಿವಾರ. ಬಾಗಲಕೋಟೆ

ಅಂದಾನಪ್ಪ ಸರ್ ನಾಲ್ಕೂ ಊರಿನ ಲೆಕ್ಕವನ್ನು ದೊಡ್ಡ ಹಾಳೆಯ ಮೇಲೆ ಕೂಡಿಸಿದರು. ಪಕ್ಕದಲ್ಲಿ ಬೇರೆ ರಾಜ್ಯಗಳ ಲೆಕ್ಕ. ನಮ್ಮ ಹುನಗುಂದದ ಹೆಂಗಸು ಒಂದು ಹೊತ್ತಿನ ಅಡಿಗೆಗೆ ಸುಡುವಷ್ಟರಲ್ಲಿ ಗುಡ್ಡಗಾಡಿನವರು ಬರೇ ನೀರು ಕಾಯಿಸುತ್ತಾರಂತೆ. ಹಾಳೆ ನೋಡುತ್ತ ನಿಂತೆ. ಅಷ್ಟು ದೂರದ ಯಾವುದೋ ಮನೆಯ ಒಲೆಯನ್ನೂ ನನ್ನಂಥವನೊಬ್ಬ ಕೊಕ್ಕೆ ತಕ್ಕಡಿ ಹಿಡಿದು ನೋಡಿದ್ದಾನೆ. ಅವನು ಸಿನಿಮಾಕ್ಕೆ ಹೋದನೋ ಇಲ್ಲವೋ.

ಸರ್ ಬೆರಳು ಗುರುಸಿದ್ದವ್ವನ ಸಾಲಿನ ಮೇಲೆ ನಿಂತಿತು.

"ನಾಕೂ ಊರಾಗ ಇದ ಎಲ್ಲಕ್ಕಿಂತ ಕೆಟ್ಟ ಒಲಿ. ಹೊಸ ನಮೂನಿ ಒಲಿ ಮೊದಲ ಇಲ್ಲೇ ಹಾಕೂನು. ಹಳೀದು ಒಡದು ಅದ ಜಾಗಾದಾಗ. ಗುರುವಾರ ಒಲಿ ಕಟ್ಟೂ ಗೌಂಡಿ ಬರ್ತಾನ, ಫೋಟೋದಾಂವ ಬರ್ತಾನ. ನೀ ಹೋಗಿ ತಿಳಿಸಿ ಬಾ."

ಹೊಸ ಒಲೆ ಹೊಗೆ ಇಲ್ಲದ್ದು, ಎರಡು ಪಾತ್ರೆಯದು, ಐದಾರು ಮಂದಿಯ ಮನೆಗೆ ಸಾಕು. ಮುದುಕಿಗೆ ಲಾಭವೇ ಆಯಿತು.

ಫೆಬ್ರವರಿ ೬, ಸೋಮವಾರ. ಇಳಕಲ್ಲ

ತಿಳಿಸಿದೆ. ಗುರುಸಿದ್ದವ್ವ ಮೊರದಲ್ಲಿ ಬೇಳೆ ಆರಿಸುತ್ತಿದ್ದಳು. ಕೈ ನಿಂತಿತು.

"ಒಡೀಲೇಬೇಕೇನು?"

"ಸರಕಾರದ್ದು ಆಯಿ. ಪುಕಟ ಹೊಸಾ ಒಲಿ."

"ನನ್ನ ಒಲಿ ಭಾಳ ತಿಂತೈತಿ ಅಂತ ಯಾರ ಹೇಳಿದ್ರು?"

"ತಕ್ಕಡಿ."

ಆಕೆ ಪಕ್ಕದ ಗೋಡೆಯ ಕಡೆ ನೋಡಿದಳು. ಗೋಡೆಯಾಚೆ ಚಂದವ್ವನ ಮಗ್ಗ ನಿಂತಿತ್ತು. "ಆತು ತಮ್ಮಾ. ಒಡೀರಿ" ಎಂದು ಮತ್ತೆ ಬೇಳೆ ಆರಿಸಿದಳು.

ಹೊರಗೆ ಬಂದರೆ ಎಂಟೂ ಬಾಗಿಲಲ್ಲಿ ಹೆಂಗಸರು. ನಾನು ಹಾಯುತ್ತಿದ್ದಂತೆ ಒಬ್ಬೊಬ್ಬರೇ ಒಳಗೆ ಸರಿದರು. ಮುದುಕಿಯ ಒಲೆ ಒಡೆದರೆ ಇವರಿಗೇನು? ಬಸ್‌ಸ್ಟ್ಯಾಂಡಿನ ಪಕ್ಕ ಖೋಲಿ ಹಿಡಿದಿದ್ದೇನೆ. ಬೆಳಿಗ್ಗೆ ಹೋಗಿ ಒಲೆಯ ಅಳತೆ ತೆಗೆದುಕೊಳ್ಳಬೇಕು.

ಫೆಬ್ರವರಿ ೭, ಮಂಗಳವಾರ. ಇಳಕಲ್ಲ

ಬೆಳಕು ಹರಿಯುವಾಗಲೇ ಹೋದೆ. ಕರೆಯದೆ ಹೋದದ್ದು ತಪ್ಪು. ಆದರೆ ಹೋಗದಿದ್ದರೆ ನಾನು ಸಾಯುವತನಕ ಮೂರ್ಖನಾಗಿರುತ್ತಿದ್ದೆ. ಕ್ರಮವಾಗಿ ಬರೆಯುತ್ತೇನೆ, ಮರೆಯಬಾರದು.

ಮೊದಲು ಕಂಡದ್ದು, ತೆರೆದ ಬಾಗಿಲಿನೊಳಗೆ, ಚಂದವ್ವ. ತನ್ನ ಮನೆಯ ಒಲೆಯಲ್ಲಿ ಒಂದು ಹಿಡಿ ಹುಲ್ಲು ಇಟ್ಟು ಕಡ್ಡಿ ಗೀರಿದಳು. ಮಾಳಿಗೆಯ ಬೆಳಕಿಂಡಿಯಿಂದ ಹೊಗೆ ಎದ್ದಿತು. ಒಲೆಯ ಮೇಲೆ ಪಾತ್ರೆ ಇಲ್ಲ! ಹುಲ್ಲು ಉರಿದು ಬೂದಿಯಾಯಿತು. ಆಕೆ ಹಿಟ್ಟಿನ ಪರಾತ ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲಿನಿಂದ ಗುರುಸಿದ್ದವ್ವನ ಮನೆಗೆ ಹೋದಳು. ಅವಳ ಹಿಂದೆ ಇನ್ನೊಬ್ಬಳು. ಮತ್ತೊಬ್ಬಳು. ಎಂಟೂ ಮನೆಯಿಂದ ಹಿಡಿ ಹೊಗೆ, ಎಂಟೂ ಮನೆಯಿಂದ ಪರಾತ.

ಒಳಗೆ ಆ ಒಲೆ ಎದ್ದಿತ್ತು.

ಗುರುಸಿದ್ದವ್ವ ರೊಟ್ಟಿ ಬಡಿಯುವುದಿಲ್ಲ. ಬೆಂಕಿಯ ಮುಂದೆ ಕೂಡುತ್ತಾಳೆ, ಅಷ್ಟೇ. ಮೊದಲ ಬಾಯಿಯ ಮೇಲೆ ರೊಟ್ಟಿ ಹಂಚು. ಒಮ್ಮೆ ಕಾದ ಹಂಚು ಆರುವುದೇ ಇಲ್ಲ. ಒಬ್ಬಳ ಹಿಟ್ಟು ಮುಗಿಯುವ ಮೊದಲೇ ಇನ್ನೊಬ್ಬಳ ರೊಟ್ಟಿ ಬೀಳುತ್ತದೆ. ಉರಿ ಅಲ್ಲಿಗೇ ಸುಮ್ಮನಾಗುವುದಿಲ್ಲ. ಒಳಗೊಳಗೇ ನಡೆದು ಎರಡನೆಯ ಬಾಯಿಗೆ ಹೋಗುತ್ತದೆ, ಅಲ್ಲಿ ಎಲ್ಲರ ಬೇಳೆ ಸರತಿಯಂತೆ. ಅಲ್ಲಿಂದ ಮೂರನೆಯದಕ್ಕೆ, ಅಲ್ಲಿ ನೀರು. ರೊಟ್ಟಿ ಮುಗಿದ ಮೇಲೆ ಕೆಂಡ ಮುಂದಕ್ಕೆ ಎಳೆದು ಬದನೆಕಾಯಿ ಸುಟ್ಟರು. ಕೆಂಡದ ಉರಿ ಇಳಿದ ಮೇಲೆ ಹಾಲು. ಆಮೇಲೆ ನೂಲಿಗೆ ಹಚ್ಚುವ ಗಂಜಿ. ಒಲೆಯ ಹಿಂಗೋಡೆ ಬಿಸಿ ಇತ್ತು, ಅದಕ್ಕೆ ಬಣ್ಣದ ನೂಲಿನ ಲಡಿಗಳನ್ನು ತೂಗುಹಾಕಿದರು; ಕೆಂಪು ನೂಲು ಒಣಗುತ್ತ ಇನ್ನೂ ಕೆಂಪಾಗುತ್ತಿತ್ತು. ಉಳಿದ ಕೆಂಡಕ್ಕೆ ಬೂದಿ ಹೊದಿಸಿ ಮಲಗಿಸಿದರು, ಸಂಜೆಗೆ.

ಎಲ್ಲಿಯೂ ಒಂದು ಬಿಸಿ ಸುಮ್ಮನೆ ಹೊರಗೆ ಹೋಗಲಿಲ್ಲ. ಆಕೆ ಅಂಗೈಯನ್ನು ಒಲೆಯ ಗೋಡೆಗೆ ಇಟ್ಟು, ಕಡ್ಡಿ ಒಂದನ್ನು ಹಿಂದಕ್ಕೆ ಎಳೆಯುವುದು, ಒಂದನ್ನು ಒಳಗೆ ನೂಕುವುದು. ವೀಣೆ ನುಡಿಸುವವರನ್ನು ನಾನು ಕಂಡಿಲ್ಲ. ಇಂದು ಕಂಡಂತಾಯಿತು.

ನಾನು ಬಾಗಿಲಲ್ಲಿ ನಿಂತಿರುವುದನ್ನು ಅವರು ಎಷ್ಟು ಹೊತ್ತಿಗೆ ನೋಡಿದರೋ. ಚಂದವ್ವ ಪರಾತ ಸೆರಗಿನೊಳಗೆ ಎಳೆದುಕೊಂಡು ಗೋಡೆಗೆ ಮುಖ ಮಾಡಿದಳು. ಉಳಿದವರು ಹಿತ್ತಲಿಗೆ ಓಡಿದರು.

"ಕುಂದ್ರು" ಎಂದಳು ಗುರುಸಿದ್ದವ್ವ. ಬಿಸಿ ರೊಟ್ಟಿ, ಬದನೆಕಾಯಿ ಕೊಟ್ಟಳು. ತಿಂದಾದ ಮೇಲೆ ಹೇಳಿದಳು. ಹದಿನೆಂಟು ವರ್ಷದ ಹಿಂದೆ ಒಂದು ಬೇಸಿಗೆ ಕಟ್ಟಿಗೆಯೇ ಸಿಗಲಿಲ್ಲ. ಒಂದೇ ಒಲೆ ಹಚ್ಚಿದರು. ಹೆಂಗಸರಿಗೆ ಬೆಳಿಗ್ಗೆ ಮಗ್ಗಕ್ಕೆ ಕೂಡಲು ಎರಡು ತಾಸು ಉಳಿಯಿತು. ಆಮೇಲೆ ಬಿಡಲಿಲ್ಲ. ಹಿಟ್ಟು ದಿನಾ ಅವರವರೇ ತರುತ್ತಾರೆ; ಕಟ್ಟಿಗೆಯನ್ನು ವಾರಕ್ಕೊಮ್ಮೆ ಎಲ್ಲರೂ ಕೂಡಿ ಇಲ್ಲಿಗೇ ತಂದು ಒಟ್ಟುತ್ತಾರೆ, ಅವರ ಮನೆಗಳಲ್ಲಿ ಇರುವುದು ಬರೇ ನೋಡುವವರಿಗಾಗಿ.

"ಮತ್ತ ಹೇಳಾಕ ಏನಾಗಿತ್ತಬೇ? ಇಬ್ಬರ ಉಣ್ಣತೇವಿ ಅಂದಿ."

"ಹುಚ್ಚಪ್ಪಾ, ಒಲಿ ಹತ್ತದ ಮನಿ ಅಂದ್ರ ಏನು? ಹೆಣ ಬಿದ್ದಿರಬೇಕು, ಇಲ್ಲಾ ದಿವಾಳಿ ಎದ್ದಿರಬೇಕು. ಅಂಥಾ ಮನಿಗೆ ಹೆಣ್ಣ ಕೊಡೂದಿಲ್ಲ, ತರೂದಿಲ್ಲ. ಚಂದವ್ವನ ಮಗಳಿಗೆ ಈ ಯುಗಾದಿಗೆ ನೋಡಾಕ ಬರಾವ್ರದಾರ. ನನ್ನ ಒಲಿ ಸಲುವಾಗಿ ಎಂಟು ಮನಿ ಮಾನಾ ಕಾಗದದಾಗ ಬರಸ್ಲೇನು?"

"ಒಲಿ ಒಡದ್ರ ಇವರೆಲ್ಲಾ ಉಣ್ಣೂದು ಎಲ್ಲಿ?"

ಆಕೆ ಕೆಂಡದ ಮೇಲಿನ ಬೂದಿ ಸರಿಪಡಿಸಿದಳು. "ಬೆಂಕಿ ಹುಟ್ಟಾಕ ಭಾಳ ತಿಂತೈತಿ ತಮ್ಮಾ. ಹುಟ್ಟಿದ ಮ್ಯಾಲ ಅದನ್ನ ದುಡಸಬೇಕು, ಸುಮ್ಮನ ಬಿಡಬಾರದು. ಒಂಬತ್ತು ಒಲಿ ಹಚ್ಚಿದ್ರ ಒಂಬತ್ತು ಸಲ ಹುಟ್ಟಬೇಕಾಕೈತಿ. ಹಚ್ಚತಾರ, ಏನ ಮಾಡೂದು." ಆಮೇಲೆ ನನ್ನ ಕೈ ಹಿಡಿದು, "ನೀ ಕಂಡದ್ದು ಯಾರ ಮುಂದೂ ಅನಬ್ಯಾಡ. ಆಣಿ ಮಾಡು" ಎಂದಳು.

ಆಣೆ ಮಾಡಿದೆ.

ಅದೇ ದಿನ, ಮಧ್ಯಾಹ್ನ

ಒಂಬತ್ತೂ ಮನೆಯಲ್ಲಿ ಉಣ್ಣುವವರು, ನಾನು ಮೊದಲ ದಿನ ಬರೆದುಕೊಂಡ ಲೆಕ್ಕದಂತೆ, ನಲವತ್ತೇಳು ಮಂದಿ. ಎರಡು ಸಲ ಕೂಡಿಸಿದೆ. ಹದಿನಾಲ್ಕು ಕಿಲೋ ನೂರನ್ನು ನಲವತ್ತೇಳರಿಂದ ಭಾಗಿಸಿದರೆ ತಲೆಗೆ ಮುನ್ನೂರು ಗ್ರಾಂ. ಸರ್ ಅವರ ಆ ದೊಡ್ಡ ಹಾಳೆಯಲ್ಲಿ, ಹದಿನಾಲ್ಕು ಜಿಲ್ಲೆಗಳಲ್ಲಿ, ಇದರ ಹತ್ತಿರಕ್ಕೂ ಬರುವ ಅಂಕಿ ಇಲ್ಲ. ನಾನು ಇದನ್ನು ದೇಶದಲ್ಲೇ ಕೆಟ್ಟದ್ದೆಂದು ಬರೆದಿದ್ದೇನೆ.

ತಕ್ಕಡಿ ಸರಿಯಾಗಿತ್ತು. ಆ ಎಂಟು ಮನೆಯ ಕಟ್ಟಿಗೆ ಇಳಿದಿಲ್ಲ ಎಂದು ಇದ್ದದ್ದನ್ನು ಇದ್ದಂತೆ ಬರೆದಿದ್ದರೆ, ಸರ್‌ಗೆ ಆವತ್ತೇ ಅನುಮಾನ ಬರುತ್ತಿತ್ತು.

ಫೆಬ್ರವರಿ ೮, ಬುಧವಾರ. ಬಾಗಲಕೋಟೆ

ಮೊದಲ ಬಸ್ಸಿಗೆ ಬಂದೆ. ದಾರಿಯಲ್ಲಿ ಏನು ಹೇಳಬೇಕೆಂದು ಹನ್ನೆರಡು ತರಹ ಜೋಡಿಸಿಕೊಂಡಿದ್ದೆ. ಸರ್ ಮುಂದೆ ಒಂದೂ ಬರಲಿಲ್ಲ.

"ಸರ್, ಇಳಕಲ್ಲದ ಎಂಟು ಮನಿ ಲೆಕ್ಕ ಸುಳ್ಳು ಬರದೇನ್ರಿ. ಕಟಿಗಿ ಕಡಿಮಿ ಆಗಿದ್ದಿಲ್ಲ. ಚಾದಂಗಡ್ಯಾಗ ಕುಂತ ಬರದೆ."

ಸರ್ ಪೆನ್ನಿನ ಟೊಪ್ಪಿಗೆ ಹಾಕಿದರು. "ಕಡಿಮಿ ಆಗಿದ್ದಿಲ್ಲ? ಹಂಗಾರ ಅವ್ರು ಉಂಡಿಲ್ಲೇನು?"

"ಉಂಡಾರ್ರಿ."

"ಎಲ್ಲಿ?"

ಕೈಯಲ್ಲಿದ್ದ ಹಾಳೆಗಳ ಅಂಚು ಸರಿ ಮಾಡಿದೆ.

"ಎಲ್ಲೋ, ಕೇಳಾಕತ್ತೇನಿ."

"ಆಣಿ ಮಾಡೇನ್ರಿ. ನಾಳೆ ಗೌಂಡಿಗಿಂತ ಮೊದಲ, ಬೆಳಕ ಹರಿಯೂ ಹೊತ್ತಿಗೆ ನೀವ ಬಂದು ನೋಡ್ರಿ ಸರ್. ನನ್ನ ಕೆಲಸದಿಂದ ತಗೀರಿ, ಆದ್ರ ಬರ್ರಿ."

ಸರ್ ದೊಡ್ಡ ಹಾಳೆಯನ್ನು ಮಡಚಿದರು. "ಕಾಯಂ ಪಟ್ಟಿಯಿಂದ ನಿನ್ನ ಹೆಸರು ಹೋತು" ಎಂದರು. ಆಮೇಲೆ, "ಸಂಜೀ ಬಸ್ಸು ಎಷ್ಟಕ್ಕೈತಿ?"

ಫೆಬ್ರವರಿ ೯, ಗುರುವಾರ. ಇಳಕಲ್ಲ

ಸರ್ ಬೂಟು ಬಿಚ್ಚಿ ಒಳಗೆ ಹೋದರು. ಹೆಂಗಸರು ಪರಾತಗಳನ್ನು ಸೆರಗಿನೊಳಗೆ ಎಳೆದುಕೊಂಡರು. ಗುರುಸಿದ್ದವ್ವ ನನ್ನ ಕಡೆ ನೋಡಿದ ನೋಟವನ್ನು ಬರೆಯಲಾರೆ.

"ಇವರೆಲ್ಲಾ ನಂಟರ್ರಿ" ಎಂದಳು. "ಇವತ್ತೊಂದ ದಿನಾ ಬಂದಾರ."

ಸರ್ ನನ್ನಿಂದ ತಕ್ಕಡಿ ತೆಗೆದುಕೊಂಡರು. ಕಟ್ಟಿಗೆ ತಾವೇ ತೂಗಿದರು. ಮೂಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತರು. "ನಿಮ್ಮ ಕೆಲಸ ನಡೀಲಿ ತಾಯಿ." ರೊಟ್ಟಿ, ಬೇಳೆ, ನೀರು, ಬದನೆಕಾಯಿ, ಹಾಲು, ಗಂಜಿ. ಸರ್ ಮಧ್ಯೆ ಎದ್ದು ಹಿಂಗೋಡೆಗೆ ಆಕೆ ಮಾಡಿದಂತೆಯೇ ಅಂಗೈ ಇಟ್ಟರು. ನೂಲಿನ ಲಡಿ ಮುಟ್ಟಿದರು. ಕನ್ನಡಕ ತೆಗೆದು ಒರೆಸಿದರು. ಹೊಗೆ ಏನೂ ಇರಲಿಲ್ಲ.

"ಇಪ್ಪತ್ತೆರಡು ವರ್ಷ ಆತು ಈ ಕೆಲಸಕ್ಕ ಬಂದು" ಎಂದರು, ಯಾರಿಗೆಂದು ತಿಳಿಯಲಿಲ್ಲ.

ಅಷ್ಟರಲ್ಲಿ ಓಣಿಯಲ್ಲಿ ಗೌಂಡಿ ಬಂದ. ಹಾರೆ ನೆಲಕ್ಕೆ ಊರಿದ ಸದ್ದಾಯಿತು. ಚಂದವ್ವನ ಕೈಯಲ್ಲಿದ್ದ ರೊಟ್ಟಿ ಮುರಿಯಿತು.

ಸರ್ ನನ್ನ ಹಾಳೆಯೊಂದನ್ನು ಇಸಿದುಕೊಂಡು ಹಿಂದೆ ತಿರುಗಿಸಿದರು. ಅಲ್ಲಿ ಸಣ್ಣ ಅಕ್ಷರದಲ್ಲಿ ಸೂಚನೆಗಳಿದ್ದವು. ನಾನು ಒಂದು ದಿನವೂ ಓದಿರಲಿಲ್ಲ. ಗಟ್ಟಿಯಾಗಿ ಓದಿದರು: "'ಕುಟುಂಬ ಎಂದರೆ ಒಂದೇ ಒಲೆಯಲ್ಲಿ ಬೇಯಿಸಿಕೊಂಡು ಉಣ್ಣುವವರು.' ಕೇಳ್ರಿವಾ. ರಕ್ತ ಅಂತ ಬರದಿಲ್ಲ, ಛಾವಣಿ ಅಂತ ಬರದಿಲ್ಲ. ಈ ಕಾಗದದಾಗ ಒಲಿ ಹತ್ತದ ಮನಿ ಒಂದೂ ಬರೂದಿಲ್ಲ. ಒಂದ ಮನಿ, ಒಂದ ಒಲಿ, ಇಷ್ಟ ಮಂದಿ. ಆದ್ರ ನಿಮ್ಮ ಬಾಯಿಲೆ ಬರಬೇಕು. ಇವತ್ತೊಂದಿನದ ನಂಟರು ಅಂದ್ರ ನಾ ಹೂಂ ಅಂತೇನಿ. ಗೌಂಡಿ ಒಳಗ ಬರ್ತಾನ."

ಹೊರಗೆ ಗೌಂಡಿ ಹಾರೆ ಸರಿಸಿದ.

"ಎಂಟು ಮನಿಗೆ ಎಂಟು ಅಡ್ಡಹೆಸರು ಅದಾವ್ರಿ" ಎಂದಳು ಚಂದವ್ವ, ಗೋಡೆಯ ಕಡೆ ನೋಡುತ್ತ. "ಒಂದ ಮನ್ಯಾರು ಅಂದ್ರ ಮಂದಿ ನಗೂದಿಲ್ಲೇನ್ರಿ? ನಾಳೆ ನನ್ನ ಮಗಳನ್ನ ನೋಡಾಕ ಬಂದಾವ್ರು ಕೇಳಿದ್ರ?"

"ಯಾರೂ ಕೇಳೂದ ಬ್ಯಾಡ, ಒಲಿ ಹೋದ್ರ ಹೋಗ್ಲಿ. ನೀ ಹೋಗ ಚಂದವ್ವಾ, ಮಗ್ಗಕ್ಕ ಹೊತ್ತಾತು" ಎಂದಳು ಗುರುಸಿದ್ದವ್ವ. "ಒಳಗ ಬಾರಪಾ ಗೌಂಡಿ."

ಗೌಂಡಿ ಒಳಗೆ ಬಂದ. ಹಾರೆ ಕೆಳಗಿಟ್ಟು ಒಲೆಯನ್ನು ನೋಡಿದ. ಬಗ್ಗಿ ಮೊದಲ ಬಾಯಿಯಿಂದ ಮೂರನೆಯ ಬಾಯಿಯವರೆಗೆ ಇಣುಕಿದ. "ಇದನ್ನ ಕಟ್ಟಿದಾಂವ ಯಾರವಾ? ಒಡದ್ರ ನನ್ನ ಕೈಲೆ ಮತ್ತ ಇಂಥಾದ್ದು ಕಟ್ಟಾಕ ಆಗೂದಿಲ್ಲ, ಮೊದಲ ಹೇಳ್ತೇನಿ" ಎಂದ.

"ಈಕೀನ ಕಟ್ಟಿದ್ಲು" ಎಂದಳು ಚಂದವ್ವ. "ನಾ ಮಣ್ಣ ತುಳದಿದ್ದೆ. ಬಸರಿದ್ದೆ ಆವಾಗ." ಸೆರಗಿನಿಂದ ಪರಾತ ಹೊರಗೆ ತೆಗೆದು ಎಲ್ಲರ ಎದುರಿಗೆ ನೆಲದ ಮೇಲಿಟ್ಟಳು. ನನ್ನ ಕಡೆ ತಿರುಗಿದಳು. "ಬರಕೋ. ಚಂದವ್ವ. ನಮ್ಮಲ್ಲಿ ಉಣ್ಣಾರು ಆರು ಮಂದಿ. ದಿನಾ ಇಲ್ಲೇ. ಹದಿನೆಂಟು ವರ್ಷ ಆತು."

ಬರೆದುಕೊಂಡೆ.

"ರಾಮವ್ವ. ಐದು."

"ಇಂದ್ರಾಬಾಯಿ. ಏಳು ಬರಿ. ಸಣ್ಣದು ಇನ್ನೂ ಹಾಲು ಕುಡಿತೈತಿ, ಅದರ ಹಾಲೂ ಇಲ್ಲೇ ಕಾಯತೈತಿ."

ಎಂಟೂ ಮಂದಿ ಹೇಳಿದರು. ಗುರುಸಿದ್ದವ್ವ, ಆಕೆಯ ಅತ್ತೆ ಸೇರಿ ನಲವತ್ತೇಳು. ಸಂಜೆಯ ಅಡಿಗೆ ಮುಗಿದ ಮೇಲೆ ಸರ್ ಉಳಿದ ಕಟ್ಟಿಗೆ ತೂಗಿದರು: ತಲೆಗೆ ಎರಡು ನೂರಾ ತೊಂಬತ್ತೆಂಟು ಗ್ರಾಂ. ನಾನು ಮೊದಲು ತೂಗಿದ್ದಕ್ಕಿಂತ ಎರಡು ಗ್ರಾಂ ಕಡಿಮೆ. ಸರ್ ಆ ಅಂಕಿಯ ಪಕ್ಕ "ಖುದ್ದು ನೋಡಿದ್ದೇನೆ" ಎಂದು ಬರೆದು ಸಹಿ ಮಾಡಿದರು. ಅದಕ್ಕೂ ಮೊದಲೇ ಫೋಟೋದವನು ಹಳೆಯ ಒಲೆಯ ಫೋಟೋ ತೆಗೆದಿದ್ದ. ಗೌಂಡಿ ಮೂರು ರೊಟ್ಟಿ ತಿಂದು, ಒಲೆಯ ಒಳಗಿನ ಅಳತೆಯನ್ನು ದಾರದಲ್ಲಿ ಗಂಟು ಹಾಕಿಕೊಂಡು ಹೋಗಿದ್ದ.

ನನಗೆ ಮತ್ತೆ ಮೊದಲಿನಿಂದ ಎಲ್ಲ ಊರನ್ನೂ ತೂಗಲು ಹೇಳಿದ್ದಾರೆ. ಪಗಾರ ಇಲ್ಲ. ಇಲ್ಲಿಂದಲೇ ಶುರು ಮಾಡುತ್ತೇನೆ. ಒಂದು ದಿನ ತೂಗಿದರೆ ಸಾಲದು, ಏಳು ದಿನ ತೂಗಬೇಕು ಅನಿಸುತ್ತದೆ.

ಫೆಬ್ರವರಿ ೧೦, ಶುಕ್ರವಾರ. ಇಳಕಲ್ಲ

ಬೆಳಿಗ್ಗೆ ಓಣಿಯ ಬಾಯಲ್ಲಿ ನಿಂತಿದ್ದೆ. ಸೂರ್ಯ ಇನ್ನೂ ಹುಟ್ಟಿರಲಿಲ್ಲ. ಗುರುಸಿದ್ದವ್ವನ ಮಾಳಿಗೆಯ ಮೇಲೆ ತೆಳ್ಳಗೆ ಹೊಗೆ. ಎರಡನೆಯದಕ್ಕಾಗಿ ಕಾದೆ. ಬರಲಿಲ್ಲ. ಬಾಗಿಲುಗಳು ತೆರೆದವು. ಪರಾತ ಸೊಂಟದ ಮೇಲೆ ಇಟ್ಟುಕೊಂಡು, ಹಿತ್ತಲಿನಿಂದಲ್ಲ, ಓಣಿಯ ನಡುವಿನಿಂದಲೇ ಎಂಟು ಮಂದಿ ಹೆಂಗಸರು ನಡೆದು ಹೋದರು. ಚಂದವ್ವ ಮುಂದೆ.

ಕೂಡಲಸಂಗಮದ ಕಡೆ ಹೊರಟಿದ್ದ ಪರಸ್ಥಳದ ಹಿರಿಯರೊಬ್ಬರು ಹೆಗಲ ಮೇಲಿನ ಚೀಲ ಇಳಿಸಿ, ಮಾಳಿಗೆಗಳನ್ನು ಒಂದೊಂದಾಗಿ ನೋಡಿದರು. ತಲೆಯ ರುಮಾಲು ತೆಗೆದರು.

"ಏನ್ ತಮ್ಮಾ, ಓಣ್ಯಾಗ ಒಂದ ಮನಿ ಬಿಟ್ಟು ಎಲ್ಲೂ ಹೊಗಿ ಇಲ್ಲ. ಯಾರ ತೀರ್ಕೊಂಡ್ರು?"

"ಯಾರೂ ಇಲ್ರಿ ಯಜಮಾನ್ರ" ಎಂದೆ. "ನಲವತ್ತೇಳು ಮಂದಿ ಉಣ್ಣಾಕ ಕುಂದರಾವ್ರದಾರ. ರುಮಾಲ ಸುತ್ಕೊಳ್ರಿ."